ಬಚ್ಚಲ ಬಾಗಿಲಿಗೆ ಬರುವ ಟವೆಲ್

ಸಿಂಧನೂರಿನ ಶಿವರಾಜ ಸ್ನಾನಕ್ಕೆ ಹೋದರೆ ಟವೆಲ್ ಬಚ್ಚಲ ಬಾಗಿಲಿಗೆ ಬರಬೇಕು, ಉಣ್ಣಲು ಕೂತರೆ ನೀರು ಕೈಗೆ ಬರಬೇಕು. ಹುಟ್ಟಿದಾರಭ್ಯ ತಾನಾಗಿ ಒಂದು ವಸ್ತು ಹುಡುಕಿದವನಲ್ಲ. ಈ ಮಹಾಶಯ ಮಿಲ್ಲುಗಳಿಗೆ ವೆಬ್ ಸಾಫ್ಟ್‌ವೇರ್ ಬರೆಯುತ್ತಾನೆ. ಅರ್ಧಕ್ಕರ್ಧ ಬರೆಯುವವಳು ಹೆಂಡತಿ ಅಂಬಿಕಾ. ಬೋರ್ಡಿನ ಮೇಲೆ ಹೆಸರು ಮಾತ್ರ ಅವನದು.

ಸಾಫ್ಟ್‌ವೇರಿನ ಮೂಲ ಒಂದೇ. ಆಯಾ ಮಿಲ್ಲಿಗೆ ಬೇಕಾದ ಕೆಲಸವನ್ನು ಪ್ಲಗಿನ್ ಎಂಬ ಸಣ್ಣ ತುಂಡಾಗಿ ಬರೆದು ಅದಕ್ಕೆ ಸಿಕ್ಕಿಸುತ್ತಾರೆ. ಕಾಳಿನ ತೇವ ತೋರಿಸುವ ಪ್ಲಗಿನ್ ಬರೆಯುವಾಗ ಶಿವರಾಜ ಸಿಂಧನೂರಿನ ಮಿಲ್ಲಿನ ತೇವದ ಮಷಿನ್ನಿನ ವಿಳಾಸವನ್ನು ಅದರ ಹೊಟ್ಟೆಯೊಳಗೇ ಬರೆದಿಟ್ಟ.

"ಪ್ಲಗಿನ್ನು ತಾನ ಮಷಿನ್ ಹುಡುಕ್ಕೊಂಡು ಹೋಗಬಾರದ್ರೀ," ಎಂದಳು ಅಂಬಿಕಾ. "ಯಾವ ಮಿಲ್ಲಿನಾಗ ಇರತೈತೋ ಆ ಮಿಲ್ಲಿನ ಮಷಿನ್ ನಾವು ಹೊರಗಿಂದ ಅದರ ಕೈಯಾಗ ಕೊಡಬೇಕು. ಡಿಪೆಂಡೆನ್ಸಿ ಇಂಜೆಕ್ಷನ್ ಅಂದ್ರ ಇಷ್ಟ."

"ನನಗ ಇಂಜೆಕ್ಷನ್ ಕಲಿಸಾಕ ಬರಬ್ಯಾಡ. ಚಾ ತಾ."

ಚಾ ಬಂತು. ವಿಳಾಸ ಪ್ಲಗಿನ್ನಿನೊಳಗೇ ಉಳಿಯಿತು.

ಮಸ್ಕಿಯ ದೊಡ್ಡಬಸಪ್ಪನ ತೊಗರಿಬೇಳೆ ಮಿಲ್ಲು ಅವರಿಗೆ ಊರ ಹೊರಗಿನ ಮೊದಲ ಗಿರಾಕಿ. ಅವನು ಹೂಂ ಎಂದರೆ ತಾವೂ ತಗೊಳ್ಳುತ್ತೇವೆಂದು ಲಿಂಗಸುಗೂರಿನ ಮಿಲ್ಲಿನವರು ಕಾದಿದ್ದರು. ವರ್ಷದ ದುಡಿಮೆಯೆಲ್ಲ ಆ ಒಂದು ಮಾತಿನ ಮೇಲಿತ್ತು.

ಶಿವರಾಜ ಅಂಬಿಕಾಳನ್ನು ಕರೆದುಕೊಂಡು ಮಸ್ಕಿಗೆ ತೋರಿಸಲು ಹೊರಟ. ಅಲ್ಲಿನ ಮಷಿನ್ನಿಗೆ ತೊಗರಿ ಸುರಿದರು. ಪರದೆಯ ಮೇಲೆ ಶೇಕಡಾ ಹದಿನೆಂಟು ಎಂದು ಬಂತು: ತೇವ ಹೆಚ್ಚು, ಒಣಗಿಸಿ ತನ್ನಿ. ದೊಡ್ಡಬಸಪ್ಪ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಚ್ಚಿದ. ಒಣಗಿದ ಕಾಳಿನಂತೆ ಕಟ್ ಎಂದಿತು. ಕಾಳು ಒಣಗಿದೆಯೋ ಇಲ್ಲವೋ ಎಂದು ಅಲ್ಲಿ ಎಲ್ಲರೂ ಹಲ್ಲನ್ನೇ ಕೇಳುವುದು.

"ಮಷಿನ್ ಸುಳ್ಳು ಹೇಳಂಗಿಲ್ರೀ. ನಿಮ್ಮ ಹಲ್ಲಾಗ ಏನರ ಇರಬೇಕು," ಎಂದ ಶಿವರಾಜ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ದೊಡ್ಡಬಸಪ್ಪ ಅಂಬಿಕಾಳ ಕಡೆ ತಿರುಗಿದ. "ಯಾರ ಮಾಲಿನ ತೇವಾನವ್ವಾ ಇದು?"

"ಸಿಂಧನೂರು ಮಿಲ್ಲಿನ ಮಷಿನ್ನಿಂದು ರೀ. ಅಲ್ಲಿಗೆ ಈಗ ಬಂದ ಹಸಿ ಭತ್ತದ್ದು."

"ನಿಮ್ಮೂರಿನ ಭತ್ತ ನೋಡಿ ನನ್ನ ತೊಗರಿಗೆ ಹೆಸರಿಡಾಕ ಬಂದೀರಿ. ಕಟ್ರಿ ಗಂಟು."

ಮನೆಗೆ ಬಂದ ಅಂಬಿಕಾ ಯಾರನ್ನೂ ಕೇಳದೆ ಪ್ಲಗಿನ್ ತೆರೆದು ಆ ವಿಳಾಸ ಕಿತ್ತುಹಾಕತೊಡಗಿದಳು. ಬಚ್ಚಲಿಂದ ದನಿ ಬಂತು: "ಟವೆಲ್ ತಾ."

"ನಿಮ್ಮ ಪ್ಲಗಿನ್ನು ಮಸ್ಕಿಯಾಗ ಕುಂತು ಸಿಂಧನೂರಿನ ಮಷಿನ್ ಹುಡುಕೈತಿ. ನೀವು ಒಂದು ಟವೆಲ್ ಹುಡುಕ್ಕೊಳ್ರಿ."

ಶಿವರಾಜ ನೀರು ಸೋರಿಸುತ್ತ ಬಂದು ಬೀರು ತೆರೆದ. ಟವೆಲ್ ಯಾವ ಖಾನೆಯಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.