ಭಂಡಾರ ಮುಟ್ಟಿ ಮಾಡಿದ ಆಣೆ

ಮೈಲಾರಕ್ಕೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ಮೊನ್ನೆ ನನ್ನ ಅಂಗೈಗೆ ಒಂದು ಚಿಟಿಕೆ ಭಂಡಾರ ಹಾಕಿದರು. ಅರಿಶಿನದ ಆ ಒಣ ಘಾಟು ಮೂಗಿಗೆ ಬಡಿದದ್ದೇ ತಡ, ಮಕ್ತಲ್ ಹತ್ತಿರದ ನಮ್ಮೂರಿನ ಎದುರುಮನೆಯ ದೊಡ್ಡಪ್ಪ ನೆನಪಾದ... ಮೊನ್ನೆ ಅದೇ ದಿನ ನಾರಾಯಣಪೇಟೆಯ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರ್ತಿ. ಸರ್ಕಾರ ಆದಾಯ ಮೀರಿ ಖರ್ಚು ಮಾಡಬಾರದೆಂದು ಸಂವಿಧಾನದಲ್ಲೇ ಬರೆಯಬೇಕೇ ಬೇಡವೇ ಎಂಬುದು ವಿಷಯ.

ದೊಡ್ಡಪ್ಪ ನಮಗೆ ರಕ್ತಸಂಬಂಧಿಯಲ್ಲ, ಕುರುಬರ ಹಟ್ಟಿಯ ಹಿರಿಯ. ಓದು ಬಾರದು, ವಾದಕ್ಕೆ ಮಾತ್ರ ಎತ್ತಿದ ಕೈ. ಪ್ರತ್ಯೇಕ ರಾಜ್ಯದ ಗದ್ದಲದ ದಿನಗಳಲ್ಲಿ ನಾನು ಅವನಿಗೆ ಪೇಪರ್ ಓದಿ ಹೇಳಬೇಕಿತ್ತು. ಒಮ್ಮೆ ಪೇಪರಿನಲ್ಲೂ ಇದೇ ವಿಷಯ ಬಂತು. ದಿಲ್ಲಿಯವರಿಗೆ ಈಗ ಹೊಳೆದದ್ದು ನಮ್ಮ ಹಟ್ಟಿಯಲ್ಲಿ ಎಂದೋ ಆಗಿದೆ ಎಂದು ಕಂಬಳಿ ಕೊಡವಿ ನಕ್ಕ.

ಅವನ ಪ್ರಾಯದಲ್ಲಿ ಹಟ್ಟಿಯವರು ದೇವರ ಊಟಕ್ಕೆಂದು ಸಾಲ ಮಾಡಿ, ಕಡೆಗೆ ಸಾಹುಕಾರನ ಮನೆಗೆ ಕುರಿಗಳನ್ನೇ ಹೊಡೆದುಕೊಟ್ಟಿದ್ದರಂತೆ. ಆಮೇಲೆ ದೊಡ್ಡಪ್ಪನೂ ಅವನ ವಾರಗೆಯವರೂ ಬೀರಪ್ಪನ ಗುಡಿಯಲ್ಲಿ ಭಂಡಾರದ ತಟ್ಟೆಗೆ ಕೈಯಿಟ್ಟು ಆಣೆ ಮಾಡಿದರು. ಉಣ್ಣೆ ಮಾರಿ ಬಂದದ್ದಷ್ಟೇ ಹಟ್ಟಿಯ ಖರ್ಚು, ಹಟ್ಟಿಯ ಹೆಸರಲ್ಲಿ ಸಾಲ ಇಲ್ಲ, ಉದ್ರಿ ಇಲ್ಲ. ಆಣೆ ಬಿಡಿಸಬೇಕಾದರೆ ಕೈಯಿಟ್ಟವರೆಲ್ಲ ಮತ್ತೆ ಕೂಡಿ ಕೈಯಿಡಬೇಕು. ಈ ಕೊನೆಯ ಷರತ್ತು ದೊಡ್ಡಪ್ಪನದೇ. ಕೆಟ್ಟ ವರ್ಷ ಬಂದರೆ ಏನು ಗತಿ ಎಂದು ಕೇಳಿದೆ.

"ಕೆಟ್ಟ ವರ್ಷಕ್ಕಂತ ಒಂದು ಬಾಗಲಾ ಇಟ್ಟಿ ಅಂದ್ರ, ಎಲ್ಲಾ ವರ್ಷಾನೂ ಅದರಾಗ ಬರತಾವವ್ವ" ಎಂದ.

ಹೊಸ ರಾಜ್ಯ ಬಂದು ಪಟಾಕಿಯ ಸದ್ದು ಅಡಗಿದ ಮೇಲೆ, ಒಂದು ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಿತ್ತು. ಬಾಯಿ ಬಾತು, ಜೊಲ್ಲು ಸುರಿಸುತ್ತ, ಮೇವು ಬಿಟ್ಟು ನಿಂತವು. ಹಟ್ಟಿಯ ಹಣ ಮುಗಿದಿತ್ತು. ಗದ್ವಾಲದ ಔಷಧದ ಅಂಗಡಿಯವನು ಉದ್ರಿ ಕೊಡಲು ಒಪ್ಪಿದ. ಆದರೆ ಒಬ್ಬೊಬ್ಬರಿಗಲ್ಲ, ಹಟ್ಟಿಯ ಹೆಸರಿಗೆ ಮಾತ್ರ.

ದೊಡ್ಡಪ್ಪ ಹಟ ಹಿಡಿಯುತ್ತಾನೆ ಅಂದುಕೊಂಡಿದ್ದೆ. ಅವನೇ ತಟ್ಟೆ ಹಿಡಿದು ಗುಡಿಗೆ ಹೋದ, ಎಲ್ಲರನ್ನೂ ಕರೆಸಿದ, ಮೊದಲು ತಾನೇ ಕೈಯಿಟ್ಟ. ಆದರೆ ಅವನ ಜೊತೆ ಆಣೆ ಮಾಡಿದವರಲ್ಲಿ ಒಬ್ಬರೂ ಬದುಕಿರಲಿಲ್ಲ. ನಿಮ್ಮ ಅಪ್ಪಂದಿರ ಬದಲು ನೀವು ಕೈಯಿಡಿ ಎಂದು ಅವರ ಮಕ್ಕಳನ್ನು ಅಂಗಲಾಚಿದ. ಸತ್ತವರ ಆಣೆ ಮುರಿದರೆ ಮನೆಗೆ ತಟ್ಟುತ್ತದೆಂದು ಹೆದರಿ ಎಲ್ಲರೂ ಕೈಕಟ್ಟಿ ನಿಂತರು.

"ಕೈಯಿಟ್ಟವರೆಲ್ಲಾ ಇದ್ದರಷ್ಟ ಬಿಡಸಾಕ ಬರತೈತಿ ಅಂತ ನೀವ ಹೇಳಿದ್ದಲ್ರೀ, ಮಾವಾ" ಎಂದ ಒಬ್ಬ, ತಲೆ ತಗ್ಗಿಸಿಕೊಂಡು.

ಕುರಿಗಳು ಉಳಿಯಲಿಲ್ಲ. ಹಟ್ಟಿಯ ಗಂಡಸರು ಧರೂರಿನ ಕಡೆ ಭತ್ತದ ಗದ್ದೆಗಳಿಗೆ ಕೂಲಿಗೆ ಹೋದರು. ಖಾಲಿ ದೊಡ್ಡಿಯ ಮುಂದೆ ಕೂತಿದ್ದ ದೊಡ್ಡಪ್ಪ ನನ್ನ ಮುಖ ನೋಡದೆ, "ಗಟ್ಟಿ ಕಟ್ಟೀನಿ ಅಂದ್ಕೊಂಡಿದ್ದೆ. ಬಿಚ್ಚಾಕ ನನಗ ಬರಲಿಲ್ಲವ್ವ" ಎಂದ. ಆ ಚಳಿಗಾಲದಲ್ಲೇ ತೀರಿಹೋದ...

ಮೊನ್ನೆಯ ಸ್ಪರ್ಧೆಯಲ್ಲಿ ಒಬ್ಬ ಹುಡುಗಿ, ಸಂವಿಧಾನದಲ್ಲಿ ಬರೆಯಲೇಬೇಕು, ವಿನಾಯಿತಿಗೆ ಎಡೆಯೇ ಇರಬಾರದು ಎಂದು ವಾದಿಸಿದಳು. ಚಪ್ಪಾಳೆ ಬಿತ್ತು. ದೊಡ್ಡಪ್ಪನ ಆಣೆಯ ಕಥೆ ಬಾಯಿಗೆ ಬಂತು. ಹೇಳಿ ಆಗಬೇಕಾದ್ದೇನು... ಹಟ್ಟಿಯಲ್ಲಿ ಈಗ ಒಂದು ಕುರಿಯೂ ಇಲ್ಲ, ದೊಡ್ಡಪ್ಪನೂ ಇಲ್ಲ. ಹಳದಿ ಅಂಟಿದ ಕೈಯಿಂದಲೇ ಅವಳಿಗೆ ಮೊದಲ ಬಹುಮಾನ ಕೊಟ್ಟೆ. ಚೆನ್ನಾಗಿಯೇ ಮಾತಾಡಿದ್ದಳು. ದೊಡ್ಡಪ್ಪನೂ ಹೀಗೆಯೇ ಮಾತಾಡುತ್ತಿದ್ದ.