ಕತ್ತರಿಯಣ್ಣ ಕೈಕಟ್ಟಿ ಕೂತ ಚಳಿಗಾಲ

ಕ್ಷೌರದಂಗಡಿಯ ಕತ್ತರಿಯಣ್ಣನ ಕೈ ಸುಮ್ಮನಿದ್ದುದನ್ನು ಹೆತ್ತ ತಾಯಿಯೂ ಕಂಡವಳಲ್ಲ. ಬೀದಿಯ ಬೆಕ್ಕುಗಳು ಮೀಸೆ ಉಳಿಸಿಕೊಳ್ಳಲು ಅವನ ಅಂಗಡಿಯ ಮುಂದೆ ಓಡಿಯೇ ದಾಟುತ್ತಿದ್ದವು.

ಹೆಂಡತಿಯ ಕಣ್ಣು ವರ್ಷವರ್ಷಕ್ಕೆ ಮಂಜಾಗಿ ಕೊನೆಗೆ ಬೆಳಕು ಕತ್ತಲೆಯಷ್ಟೇ ತಿಳಿಯುವಂತಾದಾಗ ಅವಳು ಕೇಳಿದ್ದು ಒಂದೇ: "ಮೂಗಿಗೆ ಕಾಣೋ ಹೂವಿನ ಗಿಡ ಒಂದು ಹಾಕ್ಕೊಡ್ರೀ."

ಚಳಿ ಕಾಲ್ಕೀಳುವ ಮೊದಲೇ, ಎಲೆಯಿಲ್ಲದ ಬರಿಯ ಕೊಂಬೆಯಲ್ಲಿ ಹೂ ಬಿಟ್ಟು ಘಮಘಮಿಸುವ ಗಿಡವೊಂದನ್ನು ತಂದು ಅಂಗಡಿ ಹಿಂದಿನ ಮನೆಯ ಹಿತ್ತಿಲ ಬಾಗಿಲ ಪಕ್ಕ ನೆಟ್ಟ. ಗೊಬ್ಬರ, ಬುಡಕ್ಕೆ ತರಗೆಲೆಯ ಹೊದಿಕೆ, ಬೇಸಿಗೆಯಲ್ಲಿ ನೀರು. ಸ್ವಂತ ಅಳಿಯನಿಗೂ ಅಷ್ಟು ಉಪಚಾರ ನಡೆದಿರಲಿಲ್ಲ. ಗಿಡ ಸೊಂಪಾಗಿ ಬೆಳೆಯಿತು. ಹೂ ಮಾತ್ರ ಒಂದೂ ಇಲ್ಲ. ಪ್ರತಿ ಚಳಿಗಾಲದ ಕೊನೆಗೆ ಅವಳು ಬಾಗಿಲಲ್ಲಿ ನಿಂತು ಗಾಳಿ ಮೂಸಿ, "ಹೋಗ್ಲಿ, ಅದಕ್ಕೂ ಮನಸ್ಸಿಲ್ಲ ಬಿಡಿ" ಎಂದು ಒಳಗೆ ಹೋಗುವಳು. ಅವನು ಬುಡಕ್ಕೆ ಇನ್ನೊಂದು ಬುಟ್ಟಿ ಗೊಬ್ಬರ ಸುರಿಯುವನು.

ಒಂದು ವರ್ಷ, ಎಲೆ ಉದುರಿದ ಮೇಲೆ, ಗಿಡ ಮಾರಿದ ನರ್ಸರಿ ಅಕ್ಕ ವಿಚಾರಿಸಿಕೊಂಡು ಬಂದಳು. ಇವನು ಕತ್ತರಿ, ಬಾಚಣಿಗೆ ಸಮೇತ ಗಿಡದ ಮುಂದೆ ನಿಂತಿದ್ದ.

"ಏನು ತಮ್ಮಾ, ಗಿಡಕ್ಕೆ ಮದುವೆ ಗೊತ್ತಾಗಿದ್ಯಾ?"

"ಎಷ್ಟು ಕೆದರ್ಕೊಂಡಿದೆ ನೋಡಕ್ಕಾ. ಎಲೆ ಉದುರಿದ ಮೇಲೆ ವರ್ಷಕ್ಕೊಂದು ಕಟಿಂಗ್ ಮಾಡಿಬಿಡ್ತೀನಿ."

"ಅಯ್ಯೋ, ನಿನ್ನ ಕೈ ಸೇದಿಹೋಗ್ಲಿ! ಆ ಕಡ್ಡೀಲಿ ಉಬ್ಬಿರೋದು ಮೊಗ್ಗು ಕಣೋ. ಇಷ್ಟು ವರ್ಷ ಹೂವನ್ನೇ ಬೋಳಿಸಿ ಗುಡಿಸಿ ಹಾಕಿದ್ದೀಯ! ಕತ್ತರಿಸೋದಿದ್ರೆ ಹೂ ಮುಗಿದ ಮೇಲೆ."

"ಗಿಡ ಬಿಡಕ್ಕಾ," ಒಳಗಿನಿಂದ ಹೆಂಡತಿಯ ದನಿ ಬಂತು, "ಇವರ ಕೈಗೆ ಸಿಕ್ಕಿ ನಮ್ಮನೆ ಪೊರಕೇನೂ ಅರ್ಧ ಆಗಿದೆ."

ಆ ಚಳಿಗಾಲ ಕತ್ತರಿಯಣ್ಣ ಪಟ್ಟ ಪಾಡು ಶತ್ರುವಿಗೂ ಬೇಡ. ಕೆದರಿದ ಗಿಡ ಕಂಡಾಗಲೆಲ್ಲ ಬೆರಳು ತುರಿಸಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಓಡುವನು. ಆ ಚಡಪಡಿಕೆಯೆಲ್ಲ ಗಿರಾಕಿಗಳ ಮೇಲೆ ತೀರಿ, ಬೀದಿಯಲ್ಲಿ ಬೋಳುತಲೆಗಳು ಎಷ್ಟು ಹೆಚ್ಚಿದವೆಂದರೆ ಕೂರಲು ಹೋದ ಕಾಗೆಗಳು ಜಾರಿ ಬೀಳುತ್ತಿದ್ದವು.

ಒಂದು ಬೆಳಗ್ಗೆ ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿದ್ದನಷ್ಟೆ, ಹಿತ್ತಿಲಿನಿಂದ ಘಮ ತೂರಿ ಬಂತು. ಕತ್ತಿ ಇಟ್ಟು ಓಡಿದ. ಗೋಡೆ ಸವರದೆ ಹೊಸಿಲು ದಾಟದವಳು, ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಗಿಡದ ಬಳಿಗೆ ನಡೆದು, ಹೂಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು.

"ಯಾವ ಬಣ್ಣ ರೀ?"

ಹೇಳಲು ಹೋದವನು ಸೊರಕ್ಕೆಂದು ಮೂಗೆಳೆದ.

"ಆಯ್ತು, ಮೂಗು ಒರೆಸ್ಕೊಳ್ಳಿ. ಗಿರಾಕಿ ಕಾಯ್ತಿರ್ತಾರೆ."

"ಕಾಯ್ಲಿ" ಎಂದು ಅವಳ ಪಕ್ಕದಲ್ಲೇ ನಿಂತ.

ಗಿರಾಕಿ ಕಾದ. ಇವರಿಬ್ಬರೂ ಒಳಗೆ ಬರುವಷ್ಟರಲ್ಲಿ ಅವನ ಉಳಿದರ್ಧ ಗಡ್ಡ ಮೊಣಕಾಲು ಮುಟ್ಟಿತ್ತು.