ಏಳಾಕ ಆಗವಲ್ದು

ಗಂಡ ಹೆಂಡತಿ ಬಚ್ಚಲುಮನೆಯ ಬಾಗಿಲಿನ ಆಚೆ ಈಚೆ ನಿಂತು ಮಾತಾಡುವುದು ಸಾಮಾನ್ಯವಾಗಿ ಎರಡೇ ವಿಷಯ. ಒಂದು ಟವೆಲ್, ಇನ್ನೊಂದು ಬಿಸಿನೀರು. ಈಚೆಗೆ ಒಂದು ಬೆಳಿಗ್ಗೆ ನಾವಿಬ್ಬರೂ ಮೂರನೆಯ ವಿಷಯ ಮಾತಾಡಿದೆವು.

ಒಳಗೆ ನೀರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ಬಾಗಿಲು ತಟ್ಟಿದೆ.

"ಸ್ನಾನ ಆತೇನ್ರಿ?"

"ಹೂಂ."

"ಮತ್ತ ಹೊರಗ ಬರ್ರಿ."

"ಬರ್ತೀನಿ. ಸುಮ್ಮ ಕುಂತೇನಿ."

ಬಚ್ಚಲಲ್ಲಿ ಯಾರಾದರೂ ಸುಮ್ಮನೆ ಕೂರುತ್ತಾರೆಯೇ? ಚಿಲಕ ತೆಗೆಯಿರಿ ಅಂದೆ. ಮತ್ತೊಮ್ಮೆ ಅಂದೆ. ಆಮೇಲೆ ತೀರಾ ಸಣ್ಣ ದನಿಯಲ್ಲಿ, ಏನೋ ತಪ್ಪು ಮಾಡಿದವರ ಹಾಗೆ ಹೇಳಿದರು. "ಏಳಾಕ ಆಗವಲ್ದು."

ನಡುವೆ ಕೆಲವು ವಾರ ಈ ಅಂಕಣ ಕಾಣದೆ ಏನಾಯಿತು ಎಂದು ಕೇಳಿದವರಿಗೆ ಇದೇ ಉತ್ತರ. ನಮ್ಮ ಮನೆಯವರನ್ನು ನೀವು ಬಲ್ಲಿರಿ (ನನ್ನ ದೂರುಗಳ ಮೂಲಕ). ಬನಹಟ್ಟಿಯ ನೇಕಾರರ ಮನೆಯ ಮಗ, ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಪವರ್‌ಲೂಮ್ ಓಡುವ ಮನೆಯಲ್ಲಿ ಬೆಳೆದವರು ಒಂದೋ ಚೀರಿ ಮಾತಾಡುತ್ತಾರೆ, ಇಲ್ಲವೇ ಮಾತೇ ಆಡುವುದಿಲ್ಲ. ಇವರು ಎರಡನೆಯ ಪೈಕಿ.

ಒಂದೆರಡು ವರ್ಷದಿಂದ ಅವರ ಮುಖ ದುಂಡಗಾಗುತ್ತಾ ಬಂದಿತ್ತು. ಹೊಟ್ಟೆ ಬಂತು, ಕೈಕಾಲು ಮಾತ್ರ ಸಣ್ಣಗಾದವು. ಬಿಪಿ ಬಂತು, ಅದರ ಹಿಂದೆ ಶುಗರ್ ಬಂತು. ಎಲ್ಲಾದರೂ ಚೂರು ತಾಗಿದರೆ ಚರ್ಮ ನೀಲಿಗಟ್ಟುತ್ತಿತ್ತು. ಸಂತೆಯಲ್ಲಿ ಸಿಕ್ಕವರು ಮಾತ್ರ, ಸಾಹೇಬರು ಸುಖವಾಗಿದ್ದಾರೆ, ಮನೆ ಊಟ ಹಿಡಿಸಿದೆ ಎಂದು ನನಗೇ ಶಾಬಾಸ್ ಕೊಡುತ್ತಿದ್ದರು.

ಸುಖವಲ್ಲ, ಗಡ್ಡೆ. ತಲೆಯ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಅನ್ನುವ ಗ್ರಂಥಿ ಇದೆಯಂತೆ. ಅದರೊಳಗೆ ಅದಕ್ಕಿಂತಲೂ ಸಣ್ಣ ಗಡ್ಡೆ. ಅಷ್ಟು ಸಣ್ಣದು ಇಡೀ ಮೈಯ ಹಾರ್ಮೋನನ್ನು ಏರುಪೇರು ಮಾಡಿಬಿಟ್ಟಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಮೂಗಿನೊಳಗಿಂದ ಹೋಗಿ ಅದನ್ನು ತೆಗೆದರು. ಹೊರಗೆ ಒಂದು ಹೊಲಿಗೆಯೂ ಇಲ್ಲ. ನೋಡಲು ಬಂದವರಿಗೆಲ್ಲ ನಿರಾಸೆ!

ಆಪರೇಶನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದೆವು. ಬಗ್ಗಬಾರದು, ಸಿಂಬಳ ಊದಿ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಸೀನೇ ಬಾರದಿರಲಿ ಎಂದು ನಮ್ಮ ಅಡುಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಬಂದ್. ಅವರಿಗೋ ವಾಸನೆಯೇ ಗೊತ್ತಾಗುತ್ತಿರಲಿಲ್ಲ. ವಾಸನೆ ಹೋದರೆ ರುಚಿಯೂ ಹೋಗುತ್ತದೆ. ರೊಟ್ಟಿ ಕಾಗದ ಅಗಿದ ಹಾಗೆ ಆಗುತ್ತದೆ ಎಂದು ಅರ್ಧ ತಿಂದು ಇಟ್ಟುಬಿಡುತ್ತಿದ್ದರು.

ಚಹಾ ಬಿಸಿಯಿದ್ದಾಗಲೇ ಕುಡಿಯುವ ಮನುಷ್ಯ, ಕಪ್ಪು ಎದುರಿಗಿಟ್ಟರೆ ನೋಡುತ್ತಾ ಕೂರುತ್ತಿದ್ದರು. ರುಚಿಯಿಲ್ಲವಲ್ಲ ಪಾಪ ಅಂದುಕೊಂಡೆ. ದಿನವಿಡೀ ಕುರ್ಚಿ ಬಿಡುತ್ತಿರಲಿಲ್ಲ. ವಿಶ್ರಾಂತಿ ತಾನೇ, ಒಳ್ಳೆಯದೇ ಅಂದುಕೊಂಡೆ. ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರು. ನೀರು ಜಾಸ್ತಿ ಕುಡಿಯುತ್ತಾರಲ್ಲ ಅಂದುಕೊಂಡೆ. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಕಾರಣ ತಯಾರಿತ್ತು. ಕೇಳಿದರೆ ಅವರದು ಒಂದೇ ಮಾತು, ಏನಿಲ್ಲ.

ಆ ಬೆಳಿಗ್ಗೆ ಬಾಗಿಲಾಚೆ ಸತ್ಯ ಹೊರಬಿತ್ತು.

ಪಕ್ಕದ ಮನೆಯ ದಸ್ತಗೀರ್ ಆಟೋ ಓಡಿಸುವವರು. ಕೂಗಿದ್ದೇ ತಡ, ಓಡಿ ಬಂದರು. ಒಳಗಿನಿಂದ ಇವರು ತಮಗೇನೂ ಆಗಿಲ್ಲ, ಅವರನ್ನು ಯಾಕೆ ಕರೆದೆ ಎಂದು ನನ್ನನ್ನೇ ಗದರಿಸುತ್ತಿದ್ದಾರೆ! ಚಿಲಕಕ್ಕೆ ಕೈ ಎತ್ತಲು ಆಗದ ಮನುಷ್ಯನಿಗೆ ಆಗಲೂ ಮರ್ಯಾದೆಯ ಚಿಂತೆ. ದಸ್ತಗೀರ್ ಎರಡು ಸಲ ಭುಜ ಕೊಟ್ಟು ನೂಕಿದರು. ಚಿಲಕ ಕಿತ್ತು ಬಂತು.

ಸ್ಟೂಲಿನ ಮೇಲೆ ಕುಳಿತಿದ್ದರು. ಒದ್ದೆ ಮೈ, ತೊಡೆಯ ಮೇಲೆ ಟವೆಲ್, ಬೇರೆ ಯಾರದೋ ಎಂಬಂತೆ ಇಳಿಬಿದ್ದ ಎರಡು ಕೈ. ನನ್ನನ್ನು ನೋಡಿ ನಗಲು ನೋಡಿದರು. ನನಗೆ ಅಳು ಬಂತು. ಅಳುವುದಕ್ಕೂ ಪುರಸೊತ್ತಿರಲಿಲ್ಲ. ಅಂಗಿ ತೊಡಿಸಿದೆ. ದಸ್ತಗೀರ್ ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದರು. ದಾರಿಯಲ್ಲಿ ಪ್ರತಿ ಹಂಪ್‌ಗೂ ಹಿಂತಿರುಗಿ "ಅಕ್ಕಾರ, ಗಟ್ಟಿ ಹಿಡೀರಿ" ಅನ್ನುತ್ತಿದ್ದರು.

ಊರಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ಬೆಳಗಾವಿಯ ಡಾಕ್ಟರಿಗೆ ಫೋನ್ ಹೋಯಿತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಿಪೋರ್ಟ್ ನೋಡಿ, ಪೊಟ್ಯಾಸಿಯಂ ತೀರಾ ಕೆಳಗೆ ಇಳಿದಿದೆ ಅಂದರು. ಈ ಆಪರೇಶನ್ ಆದ ಮೇಲೆ ಹಾರ್ಮೋನು ಒಂದು ಹದಕ್ಕೆ ಬರುವವರೆಗೆ ಹೀಗಾಗುವುದುಂಟಂತೆ. ಮೂತ್ರದಲ್ಲಿ ಹರಿದು ಹೋಗುತ್ತದೆ, ಊಟವೂ ಸರಿಯಿಲ್ಲದಿದ್ದರೆ ತುಂಬಿಕೊಳ್ಳುವುದಿಲ್ಲ. ಸ್ನಾಯುಗಳು ಸೋಲುತ್ತವೆ.

"ಎದಿನೂ ಒಂದು ಸ್ನಾಯುನ ರೀ," ಅಂದರು ಆಕೆ ಮೆಲ್ಲಗೆ. "ಕಾಲು ಸೋತಂಗ ಅದೂ ಸೋಲತೈತಿ."

ಡ್ರಿಪ್ ಹಾಕಿದರು. ಪೊಟ್ಯಾಸಿಯಂ ಅವಸರದಲ್ಲಿ ಕೊಡುವ ಹಾಗಿಲ್ಲ, ನಿಧಾನಕ್ಕೇ ಇಳಿಯಬೇಕು. ಎದೆಗೆ ತಂತಿ ಅಂಟಿಸಿದ್ದರು, ಪಕ್ಕದಲ್ಲಿ ಮಾನಿಟರ್ ಕುಂಯ್ ಕುಂಯ್ ಅನ್ನುತ್ತಿತ್ತು. ನಾನು ಅವರ ಮುಖ ಬಿಟ್ಟು ಆ ಪರದೆಯನ್ನೇ ನೋಡುತ್ತಾ ಕುಳಿತಿದ್ದೆ. ಆಗ ಅವರು ನನ್ನ ಕಡೆ ತಿರುಗಿ, ನಾನು ಕೇಳದೆಯೇ ಹೇಳಿದರು. "ಸುಮಾ, ಕೈ ಭಾಳ ಉರಿಯಾಕತ್ತೈತಿ."

ಮದುವೆಯಾದಾಗಿನಿಂದ ತಮ್ಮ ನೋವೊಂದನ್ನು ತಾವಾಗಿ ನನಗೆ ಹೇಳಿದ್ದು ಅದೇ ಮೊದಲು. ಬೆರಳು ಜಜ್ಜಿಕೊಂಡಾಗ ಹೇಳಿದವರಲ್ಲ, ಅಪ್ಪ ತೀರಿಕೊಂಡಾಗ ಹೇಳಿದವರಲ್ಲ. ನನಗೆ ಹೇಗಾಯಿತು ಅಂತೀರಿ? ಗಾಬರಿ ಬಿಟ್ಟು ಒಂದು ನಮೂನೆ ಸಮಾಧಾನ ಆಯಿತು. ಓಡಿ ಹೋಗಿ ನರ್ಸಮ್ಮನನ್ನು ಕರೆತಂದೆ. ಆಕೆ ಹನಿಯ ವೇಗ ತಗ್ಗಿಸಿ, ಈ ಮದ್ದು ನರದಲ್ಲಿ ಉರಿಯುತ್ತದೆ, ಸುಮ್ಮನಿರದೆ ಹೇಳಿದ್ದು ಒಳ್ಳೆಯದಾಯಿತು ಅಂದಳು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. ಕಪ್ಪು ಎತ್ತಲು ಕೈ ಬರುತ್ತಿರಲಿಲ್ಲವಂತೆ. ನಾನು ಒಳಗೆ ಹೋದಾಗ ಎರಡೂ ಕೈ ಹಚ್ಚಿ, ತಲೆ ಬಗ್ಗಿಸಿ ಕುಡಿಯುತ್ತಿದ್ದರಂತೆ.

"ಆಪರೇಶನ್ ಆಗಿದ್ದು ತಲ್ಯಾಗ. ಕೈಕಾಲಿಗೆ ಏನ ಸಂಬಂಧ ಅಂತ ಸುಮ್ಮನಾದೆ," ಅಂದರು. ಆಮೇಲೆ, "ನೀನೂ ದಣದಿದ್ದಿ," ಅಂದರು.

ಇದಕ್ಕೆ ಬೈಯುವುದೋ, ಕೈ ಹಿಡಿದುಕೊಳ್ಳುವುದೋ? (ಎರಡೂ ಮಾಡಿದೆ.)

ನಮ್ಮ ಮನೆಗಳಲ್ಲಿ ಪ್ರೀತಿ ಹೀಗೆಯೇ ಅಲ್ಲವೇ? ಒಬ್ಬರಿಗೆ ಹೊರೆಯಾಗಬಾರದು ಎಂದು ಇನ್ನೊಬ್ಬರು ಬಾಯಿ ಮುಚ್ಚಿಕೊಳ್ಳುವುದು. ಅವರು ನನ್ನ ದಣಿವು ಹೆಚ್ಚಿಸಬಾರದೆಂದು ಸುಮ್ಮನಿದ್ದರು, ನಾನು ಅವರ ವಿಶ್ರಾಂತಿ ಕೆಡಿಸಬಾರದೆಂದು ಸುಮ್ಮನಿದ್ದೆ. ಇಷ್ಟು ಒಳ್ಳೆಯ ಇಬ್ಬರು ಸೇರಿ ಒಬ್ಬರ ಜೀವವನ್ನೇ ಕಳೆಯುವುದರಲ್ಲಿದ್ದೆವು.

ಮಧ್ಯಾಹ್ನ ಬನಹಟ್ಟಿಯಿಂದ ಅತ್ತೆ ಬಂದರು. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇರುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ, ಒಂದು ಇಡೀ ಗೊನೆ ಹೊತ್ತು ತಂದಿದ್ದರು. ಸಂಜೆಯೊಳಗೆ ಕಚೇರಿಯವರು, ಓಣಿಯವರು, ದಸ್ತಗೀರ್ ಅವರ ಹೆಂಡತಿ, ಎಲ್ಲರ ಕೈಯಲ್ಲೂ ಬಾಳೆಹಣ್ಣು. ವಾರ್ಡಿನವರಿಗೆಲ್ಲ ಹಂಚಿದರೂ ಮಿಕ್ಕಿತು. ಹಣ್ಣು ತಿನ್ನಿ, ಆದರೆ ಇಷ್ಟು ಇಳಿದಾಗ ಹಣ್ಣಿನಿಂದ ಆಗುವುದಿಲ್ಲ, ಮದ್ದೇ ಬೇಕು ಅಂದರು ಡಾಕ್ಟರಮ್ಮ. ಹೆಚ್ಚಾದರೂ ಅಪಾಯವೇ, ಹಾಗಾಗಿ ರಕ್ತ ನೋಡಿ ನೋಡಿಯೇ ಕೊಡಬೇಕಂತೆ. (ಇದನ್ನು ಓದಿ ನೀವೇ ಅಂಗಡಿಗೆ ಹೋಗಿ ಬಾಟಲಿ ತರಬೇಡಿ.)

ಅತ್ತೆ ಮಗನ ಕಾಲ ಬಳಿ ಕುಳಿತು ಪಾದ ತಿಕ್ಕುತ್ತಿದ್ದರು. ಪೊಟ್ಯಾಸಿಯಂ ಅಂದರೆ ಒಂದು ಥರದ ಉಪ್ಪು ಎಂದು ನಾನು ಹೇಳಿದ್ದು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಡಾಕ್ಟರಮ್ಮ ಬಂದಾಗ ಕೇಳಿಯೇ ಬಿಟ್ಟರು. "ನಮ್ಮ ಮನ್ಯಾಗ ಉಪ್ಪಿಗೆ ಬರಾ ಇತ್ತೇನವಾ?" ಆಕೆ ನಗಲಿಲ್ಲ. ಪಕ್ಕದಲ್ಲೇ ಕುಳಿತು, ಅದು ಬೇರೆ ಉಪ್ಪು, ನಿಮ್ಮ ಸೊಸೆಯದೂ ತಪ್ಪಿಲ್ಲ, ನಿಮ್ಮ ಮಗನದೂ ತಪ್ಪಿಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆಗೆ ಅರ್ಧ ತಿಳಿಯಿತೋ ಏನೋ. ನನಗೆ ಮಾತ್ರ ಆ ಮಾತು ಬೇಕಾಗಿತ್ತು.

ಮರುದಿನವೇ ಕೈಗೆ ಕಸುವು ಬಂತು. ಆಮೇಲೆ ಕಾಲಿಗೆ. ಮನೆಗೆ ಬಂದ ಮೇಲೂ ಸಿರಪ್ಪು, ಮಾತ್ರೆ, ಮತ್ತೆ ಮತ್ತೆ ರಕ್ತ ಪರೀಕ್ಷೆ. ವಾಸನೆಯೇ ಗೊತ್ತಾಗದವರಿಗೂ ಆ ಸಿರಪ್ಪಿನ ಕೆಟ್ಟ ರುಚಿ ಗೊತ್ತಾಗುತ್ತಿತ್ತು! ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ಮೊದಮೊದಲು ಎದ್ದು ನಿಲ್ಲಬೇಕಾದಾಗಲೆಲ್ಲ ಕುರ್ಚಿಯ ಹಿಡಿ ಹಿಡಿದು, ಒಂದು ಕ್ಷಣ ತಡೆದು, ಉಸಿರು ಎಳೆದುಕೊಂಡು ಏಳುತ್ತಿದ್ದರು. ಅವರ ಜೊತೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಹೋದ ವಾರ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದರು. ದಸ್ತಗೀರ್ ಆಟೋ ನಿಲ್ಲಿಸಿ, ನದಿ ಏರಿ ಚಿಕ್ಕಪಡಸಲಗಿ ಬ್ಯಾರೇಜಿಗೆ ನೀರು ಬಂದಿದೆ, ಜನ ನೋಡಲು ಹೋಗುತ್ತಿದ್ದಾರೆ ಎಂದು ಕೂಗಿ ಹೇಳಿದರು. "ಎಷ್ಟ ಬಂದೈತಿ?" ಎಂದು ಕೇಳುತ್ತಾ ಇವರು ಎದ್ದು ಗೇಟಿನವರೆಗೆ ನಡೆದರು. ಏನನ್ನೂ ಹಿಡಿಯಲಿಲ್ಲ, ತಡೆಯಲಿಲ್ಲ. ಮಾತು ನದಿಯ ಮೇಲೆಯೇ ಇತ್ತು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಎದ್ದದ್ದು ಅವರಿಗೇ ಗೊತ್ತಾಗಿರಲಿಲ್ಲ. ಆರೋಗ್ಯ ಅಂದರೆ ಇಷ್ಟೇ ಅಲ್ಲವೇ, ನಾವು ಎದ್ದದ್ದು ನಮಗೇ ಗೊತ್ತಾಗದಿರುವುದು?